ಏರುದಾರಿಯಲ್ಲಿ ಹಳೆಯ ಬೈಕು: ಎಂಜಿನ್ ಶಾಕ್ ಅಬ್ಸಾರ್ಬರ್ ಮತ್ತು ಚೈನಿನ ಸವೆತ

ಬಯಲುದಾರಿ ಮುಗಿಯುವವರೆಗೆ ಪ್ರಯಾಣ ಸುಗಮವಾಗಿಯೇ ಸಾಗಿತು. ನನ್ನದು 500 ಸಿಸಿಯ, ಒಂಟಿ ಸಿಲಿಂಡರಿನ ಹಳೆಯ ಬೈಕು. ಜೊತೆಗಿದ್ದ ಗೆಳೆಯನದು ಹೆಚ್ಚುಕಡಿಮೆ ಅದೇ ಕಾಲದ ರಾಯಲ್ ಎನ್‌ಫೀಲ್ಡ್. ಬೆಟ್ಟದ ಏರು ಶುರುವಾಗಿ, ತಿರುವುಗಳಲ್ಲಿ ವೇಗ ತಗ್ಗತೊಡಗಿದಾಗ ನನ್ನ ಬೈಕಿನ ನಡೆ ಬದಲಾಯಿತು. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟೊಡನೆ ಫುಟ್‌ರೆಸ್ಟಿನವರೆಗೂ ತಟ್ಟುವ ಜಗ್ಗಾಟ, ಚೈನ್ ಕೇಸಿನೊಳಗಿಂದ ಬಿಟ್ಟುಬಿಟ್ಟು ಕೇಳಿಸುವ ಕಟಕಟ ಸದ್ದು. ಗೇರು ಇಳಿಸಿ ಎಂಜಿನ್ನಿನ ಸುತ್ತು ಹೆಚ್ಚಿಸಿದರೆ ಎರಡೂ ನಿಲ್ಲುತ್ತಿದ್ದವು.

ಇಂಥ ಸದ್ದು ಕೇಳಿದಾಗ ಚೈನು ಸಡಿಲವಾಗಿದೆಯೆಂದು ಅದನ್ನೇ ಬಿಗಿಮಾಡುವವರು ಬಹಳ. ಆದರೆ ಮೂಲ ಇರುವುದು ಎಂಜಿನ್ನಿನ ಬಡಿತದಲ್ಲಿ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಮಾತ್ರ ಬಲ ಕೊಡುತ್ತದೆ; ನಿಮಿಷಕ್ಕೆ 1,800 ಸುತ್ತೆಂದರೆ ಸೆಕೆಂಡಿಗೆ 15 ಹೊಡೆತ. ಅವು ನೇರವಾಗಿ ಚೈನಿಗೆ ಬೀಳದಿರಲೆಂದು, ಬಿಎಸ್‌ಎ ಎಂ20 ಮುಂತಾದ ಬೈಕುಗಳಲ್ಲಿ ಎಂಜಿನ್ ಸ್ಪ್ರಾಕೆಟ್ಟನ್ನು (ಚೈನನ್ನು ಎಳೆಯುವ ಹಲ್ಲುಚಕ್ರ) ಶಾಫ್ಟಿನ ಮೇಲೆ ತಿರುಗಲು ಬಿಟ್ಟು, ಅದರ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುವ ಕ್ಯಾಮೊಂದನ್ನು ಶಾಫ್ಟಿನ ಸ್ಪ್ಲೈನುಗಳ (ಉದ್ದಕ್ಕೂ ಕೊರೆದ ಹಲ್ಲುಗಳ) ಮೇಲೆ ಕೂರಿಸಿ, ದಪ್ಪನೆಯ ಸ್ಪ್ರಿಂಗಿನಿಂದ ಒತ್ತಿಹಿಡಿಸಿರುತ್ತಾರೆ. ಹೊಡೆತ ಬಿದ್ದಾಗ ಕ್ಯಾಮಿನ ಉಬ್ಬು ಎದುರಿನ ಇಳಿಜಾರನ್ನು ಏರಿ ಸ್ಪ್ರಿಂಗನ್ನು ಅದುಮುತ್ತದೆ. ಹೊಡೆತ ಕಳೆದೊಡನೆ ತನ್ನ ತಗ್ಗಿಗೆ ಮರಳುತ್ತದೆ. ಎಂಜಿನ್ ಶಾಕ್ ಅಬ್ಸಾರ್ಬರ್ ಎನ್ನುವುದು ಇದಕ್ಕೇ; ನನ್ನ ಬೈಕಿನದೂ ಇದೇ ಏರ್ಪಾಡು.

ರಾಯಲ್ ಎನ್‌ಫೀಲ್ಡಿನಲ್ಲಿ ಈ ಕೆಲಸವನ್ನು ಹಿಂದಿನ ಚಕ್ರದ ಹಬ್ಬಿನೊಳಗಿನ ರಬ್ಬರ್ ತುಂಡುಗಳು ಮಾಡುತ್ತವೆ. ಅದಕ್ಕೆ ಎಣ್ಣೆ ಬೇಡ, ಬದಲಾಯಿಸುವುದೂ ಸುಲಭ, ಅಂದಿನ ಏರಿನಲ್ಲಿ ಅದು ನನ್ನ ಬೈಕಿಗಿಂತ ನಯವಾಗಿ ಹತ್ತಿದ್ದನ್ನು ಕಣ್ಣಾರೆ ಕಂಡೆ. ಆದರೂ ಹೊಡೆತವನ್ನು ಅದು ಹುಟ್ಟುವಲ್ಲಿಯೇ ಹಿಡಿಯುವುದು ಮೇಲೆಂಬುದು ನನ್ನ ನಂಬಿಕೆ. ಆಗ ಪ್ರೈಮರಿ ಚೈನು (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು), ಕ್ಲಚ್ಚು, ಗೇರ್‌ಬಾಕ್ಸುಗಳಿಗೆಲ್ಲ ರಕ್ಷಣೆ ಸಿಗುತ್ತದೆ.

ಸಂಜೆ ತಂಗಿದಲ್ಲಿ ಎಣ್ಣೆ ಇಳಿಸಿ ಚೈನ್ ಕೇಸು ಬಿಚ್ಚಿದೆವು. ಕ್ಯಾಮಿನ ಪ್ರತಿಯೊಂದು ಇಳಿಜಾರಿನ ಬುಡದಲ್ಲಿಯೂ ಉಗುರು ಎಡವುವಷ್ಟು ಆಳದ, ಹೊಳಪೇರಿದ ಮೆಟ್ಟಿಲೊಂದು ಬಿದ್ದಿತ್ತು. ಉಬ್ಬು ಆ ಮೆಟ್ಟಿಲಿಗೆ ತಡೆದು ನಿಂತು, ಆಮೇಲೆ ಒಮ್ಮೆಲೆ ಜಿಗಿಯುತ್ತಿದ್ದುದೇ ಕಟಕಟ ಸದ್ದಿಗೆ ಕಾರಣ. ಸ್ಪ್ಲೈನುಗಳ ನಡುವೆ ಎಣ್ಣೆಯ ಬದಲು ತುಕ್ಕುಬಣ್ಣದ ಪುಡಿ ಸೇರಿಕೊಂಡಿತ್ತು. ಸ್ಪ್ರಿಂಗೂ ಕುಗ್ಗಿತ್ತು. ಮೆಟ್ಟಿಲಿನ ಅಂಚನ್ನು ಎಣ್ಣೆಕಲ್ಲಿನಿಂದ ತೀಡಿ, ಸ್ಪ್ಲೈನುಗಳಿಗೆ ಎಣ್ಣೆ ಹಚ್ಚಿ, ಸ್ಪ್ರಿಂಗಿನ ಹಿಂದೆ ತೆಳುವಾದ ವಾಷರೊಂದನ್ನು ಕೊಟ್ಟೆವು. ವಾಷರ್ ಕೊಡುವಾಗ ನೋಡಲೇಬೇಕಾದದ್ದೆಂದರೆ, ಕ್ಯಾಮು ಪೂರ್ತಿ ಏರುವ ಮೊದಲೇ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಶಾಕ್ ಅಬ್ಸಾರ್ಬರ್ ಇದ್ದೂ ಇಲ್ಲದಂತೆಯೇ.

ಹಿಂದಿನ ಚಕ್ರಕ್ಕೆ ಹೋಗುವ ಚೈನನ್ನೂ ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಲಗೆಯ ಮೇಲೆ ಎಳೆದು ಅಳೆದೆವು. ಚೈನು ಉದ್ದವಾಗುವುದು ತಗಡು ಹಿಗ್ಗಿ ಅಲ್ಲ. ಪಿನ್ನು ಮತ್ತು ಅದರ ಸುತ್ತಲಿನ ಬುಷ್ಷುಗಳು ಪ್ರತಿ ಕೊಂಡಿಯಲ್ಲೂ ಒಂದಿಷ್ಟು ಸವೆದು ಆ ಸವೆತವೆಲ್ಲ ಒಟ್ಟುಗೂಡುವುದರಿಂದ. 5/8 ಇಂಚು ಪಿಚ್ಚಿನ (ಅಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ದೂರ) ಹೊಸ ಚೈನಿನಲ್ಲಿ 20 ಪಿಚ್‌ಗಳ ಅಳತೆ 317.5 ಮಿಲಿಮೀಟರು, ಹಳೆಯ ಬೈಕುಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಶೇ. 2ರ ಮಿತಿಯಂತೆ ಅದು 324ರ ಹತ್ತಿರ ಬಂದರೆ ಚೈನಿನ ಆಯುಷ್ಯ ಮುಗಿದಂತೆ. ನಮ್ಮದು 322 ಇತ್ತು. ಸ್ಪ್ರಾಕೆಟ್ಟಿನ ಹಲ್ಲುಗಳೂ ಒಂದು ಬದಿಗೆ ಬಾಗತೊಡಗಿದ್ದವು. ಕೆಟ್ಟ ಶಾಕ್ ಅಬ್ಸಾರ್ಬರಿನೊಂದಿಗೆ ಓಡಿದ ಚೈನು ಬೇಗ ಸವೆಯುವುದು ಸಹಜವೇ.

ಮರುದಿನ ಬೆಳಿಗ್ಗೆ ಮೊದಲು ಪ್ರೈಮರಿ ಚೈನನ್ನು, ಅನಂತರ ಹಿಂದಿನದನ್ನು ಸರಿಹೊಂದಿಸಿದೆವು. ಗೇರ್‌ಬಾಕ್ಸನ್ನೇ ಸರಿಸಿ ಪ್ರೈಮರಿಯನ್ನು ಬಿಗಿಮಾಡುವ ಬೈಕುಗಳಲ್ಲಿ ಈ ಕ್ರಮ ತಪ್ಪಿದರೆ ಕೆಲಸವೆಲ್ಲ ಇನ್ನೊಮ್ಮೆ ಆಗುತ್ತದೆ. ಚಕ್ರ ತಿರುಗಿಸುತ್ತ ಚೈನು ಅತಿ ಬಿಗಿಯಾಗುವ ಜಾಗವನ್ನು ಹುಡುಕಿ, ಸಡಿಲವನ್ನು ಅಲ್ಲಿಯೇ ಅಳೆದೆವು. ಚೈನಿನ ತುದಿಗಳನ್ನು ಸೇರಿಸುವ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗೇ ಇದೆಯೆಂದು ನೋಡಿ, ಚಕ್ರ ಸರಿದಿದ್ದರಿಂದ ಬ್ರೇಕ್ ರಾಡನ್ನೂ ಹೊಂದಿಸಿಕೊಂಡು ಹೊರಟೆವು. ಉಳಿದ ಏರಿನಲ್ಲಿ ಜಗ್ಗಾಟ ಬಹಳಮಟ್ಟಿಗೆ ತಗ್ಗಿತ್ತು. ಹಾಗಿದ್ದರೂ ಟಾಪ್ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸದೆ, ಪ್ರತಿ ತಿರುವಿಗೂ ಮೊದಲೇ ಮೂರನೆಯ ಗೇರಿಗೆ ಇಳಿಸಿಕೊಂಡೇ ಹತ್ತಿದೆ; ಊರಿಗೆ ಮರಳಿದ ಮೇಲೆ ಕ್ಯಾಮು, ಎಂಜಿನ್ ಸ್ಪ್ರಾಕೆಟ್ಟು ಮತ್ತು ಸ್ಪ್ರಿಂಗನ್ನು ಒಟ್ಟಿಗೆ, ಹಿಂದಿನ ಚೈನನ್ನು ಅದರ ಎರಡೂ ಸ್ಪ್ರಾಕೆಟ್ಟುಗಳ ಸಮೇತ ಬದಲಾಯಿಸುವುದೆಂದು ದಾರಿಯಲ್ಲೇ ನಿರ್ಧರಿಸಿದೆವು.