ಎಲೆ ಉದುರುವ ಕಾಲದ ಕಡುಗೆಂಪು

ತಂಗಿಯ ಮದುವೆಗೆ ಕಡುಗೆಂಪು ಬಣ್ಣವೇ ಅಂತ ಕೊನೆಗೂ ತೀರ್ಮಾನವಾಯಿತು. ಎಲೆಗಳು ಕೆಂಪಾಗುವ ಹೊತ್ತಿಗೇ ಮದುವೆ, ಇನ್ಯಾವ ಬಣ್ಣ ಬೇಕು ಅಲ್ವಾ?

ನಿನ್ನೆ ಬಟ್ಟೆಯ ತುಂಡುಗಳನ್ನು ಕಿಟಕಿ ಹತ್ತಿರ ಹರಡಿಕೊಂಡು ಸುಮ್ನೆ ನೋಡುತ್ತಾ ಕೂತಿದ್ದೆವು. ಹಗಲಲ್ಲಿ ಕೆಂಡದಂತಿದ್ದ ಬಣ್ಣ ಬೆಳಕು ಇಳಿದಂತೆ ಕಪ್ಪಿಗೆ ತಿರುಗಿತು. ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಬೇಗ ಮಂಕಾಗುವುದು ಕೆಂಪೇ. ಹಾಗಾಗಿ ಸಂಜೆಗೆ ಹಳದಿ ಬೆಳಕಿನ ದೀಪ ಜಾಸ್ತಿ ಇಡಬೇಕು, ಪಕ್ಕದಲ್ಲಿ ಕೆನೆಬಣ್ಣದ ಹೂವು. ಎಲ್ಲ ಕಡೆ ಕೆಂಪೇ ತುಂಬಿದರೆ ಕಣ್ಣಿಗೆ ಭಾರ.

ಎಲೆಯಲ್ಲಿ ಹಸಿರು ಮಾಸುವಾಗ ಆಂಥೋಸಯಾನಿನ್ ಎಂಬ ಕೆಂಪು ಹೊಸದಾಗಿ ಹುಟ್ಟುತ್ತದೆ. ಉದುರುವ ಮುಂಚೆ ಎಲೆ ತಾನೇ ಮಾಡಿಕೊಂಡ ಬಣ್ಣ ಅದು. ಅದೇ ಬಣ್ಣ ಉಟ್ಟು ತಂಗಿ ನಡೆದು ಬರುವುದನ್ನು ನೆನೆದರೆ ಈಗಲೇ ಮನಸ್ಸು ತುಂಬಿ ಬರುತ್ತದೆ.