ಟೂರ್ ಬಸ್ಸಿಗೆ 480 ದಿರ್ಹಮ್, ದೋಣಿಗೆ 4: ದುಬೈನಲ್ಲಿ ನಮ್ಮ ಒಂದು ದಿನ

ಮೊದಲೇ ಹೇಳಿಬಿಡುತ್ತೇನೆ. ದುಬೈಗೆ ಹೋಗುವವರು 'ಹಾಫ್ ಡೇ ಸಿಟಿ ಟೂರ್' ಅನ್ನೋದನ್ನು ದಯವಿಟ್ಟು ಬುಕ್ ಮಾಡಬೇಡಿ. ನಾವು ಮಾಡಿದೆವು. ತಲೆಗೆ 120 ದಿರ್ಹಮ್, ನಾಲ್ಕು ಜನಕ್ಕೆ 480. ನಾವು ಹೋದಾಗ ಒಂದು ದಿರ್ಹಮ್‌ಗೆ ಸುಮಾರು 23 ರೂಪಾಯಿ ಇತ್ತು. ಆ ಲೆಕ್ಕವನ್ನು ನಾನು ಬಸ್ಸಲ್ಲಿ ಕೂತು ಹಾಕಿದೆ, ಆಮೇಲೆ ಕಿಟಕಿ ಆಚೆ ನೋಡುವ ಮನಸ್ಸೇ ಆಗಲಿಲ್ಲ.

ಹೋದವರು ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗ, ಮಂಡಿ ನೋವಿನ ನಮ್ಮತ್ತೆ. ಊರು ಸಾಗರ. ಮಗನಿಗೆ ಶಾಲೆ ರಜೆ ಅಂತ ಏಪ್ರಿಲ್ ಕೊನೆಯಲ್ಲಿ ಹೋದೆವು. ನಿಮಗೆ ಅಂಥ ಕಟ್ಟು ಇಲ್ಲದಿದ್ದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಏಪ್ರಿಲ್ ಬಿಸಿಲಿನ ಬಗ್ಗೆ ಜಾಸ್ತಿ ಬರೆಯಲ್ಲ, ಬರೆದರೆ ಬೇರೇನೂ ಬರೆಯಲು ಆಗಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋಟೆಲ್ ಮುಂದೆ ನಿಂತಿರಿ ಅಂದಿದ್ದರು. ಬಸ್ಸು ಬಂದದ್ದು ಒಂಬತ್ತಕ್ಕೆ. ಹತ್ತಿದ ಮೇಲೆ ಗೊತ್ತಾಯಿತು, ಅದು ಇನ್ನೂ ಆರು ಹೋಟೆಲ್ ಸುತ್ತಿ ಜನ ತುಂಬಿಸಿಕೊಳ್ಳಬೇಕಿತ್ತು. ನಮ್ಮೂರ ಪ್ರೈವೇಟ್ ಬಸ್ಸು ಸರ್ಕಲ್‌ನಲ್ಲಿ ನಿಂತು 'ಶಿವಮೊಗ್ಗ, ಶಿವಮೊಗ್ಗ' ಅಂತ ಕೂಗಿ ಕೂಗಿ ಜನ ಹತ್ತಿಸುತ್ತದಲ್ಲ, ಅದೇ ಕತೆ. ಕೂಗುವ ಕ್ಲೀನರ್ ಒಬ್ಬ ಇರಲಿಲ್ಲ ಅಷ್ಟೆ. ಹತ್ತು ಗಂಟೆಗೂ ನಾವು ಹತ್ತಿದ ಜಾಗದಿಂದ ಎರಡು ಬೀದಿ ಆಚೆಗಿದ್ದೆವು. ಒಳಗೆ ಏಸಿ ಎಷ್ಟು ಜೋರು ಅಂದರೆ ಅತ್ತೆ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಕೂತರು. ಮರಳುಗಾಡಿನ ಊರಿಗೆ ಶಾಲು ಯಾಕೆ ಅಂತ ನಾನೇ ಬ್ಯಾಗಿನಿಂದ ತೆಗೆಸಿದ್ದೆ. ವಯಸ್ಸಾದವರಿದ್ದರೆ ಶಾಲು ಇಟ್ಟುಕೊಳ್ಳಿ. ಹೊರಗೆ ಕಾದ ಬಾಣಲೆ, ಒಳಗೆ ಫ್ರಿಜ್ಜು, ದಿನವಿಡೀ ಹೀಗೇ.

ಜುಮೇರಾ ಮಸೀದಿ ಹತ್ತಿರ ಹತ್ತು ನಿಮಿಷ. ಒಳಗೆ ಹೋಗಲಿಲ್ಲ, ಫೋಟೋ ಅಷ್ಟೆ. ಬುರ್ಜ್ ಅಲ್ ಅರಬ್ ಕಾಣುವ ಬೀಚಿನಲ್ಲಿ ಹದಿನೈದು ನಿಮಿಷ. ಅದೇ, ಹಾಯಿ ಬಿಚ್ಚಿದ ಹಡಗಿನ ಆಕಾರದ ಹೋಟೆಲ್ಲು. ಸಮುದ್ರದೊಳಗೆ ಕೃತಕ ದ್ವೀಪ ಮಾಡಿ ಕಟ್ಟಿ 1999ರಲ್ಲಿ ತೆರೆದದ್ದು. ಚೆನ್ನಾಗೇ ಇದೆ. ಆದರೆ ಮೂರು ಟೂರ್ ಬಸ್ಸಿನ ಜನ ಒಂದೇ ಜಾಗದಲ್ಲಿ ನಿಂತು ಅದನ್ನು ಅಂಗೈ ಮೇಲೆ ಇಟ್ಟುಕೊಂಡಂತೆ ಫೋಟೋ ತೆಗೆಸಿಕೊಳ್ಳುವಾಗ ನಮ್ಮ ಪಾಳಿ ಬರುವಷ್ಟರಲ್ಲಿ ಗೈಡ್ ಚಪ್ಪಾಳೆ ತಟ್ಟಿ ಕರೆದ. ಪಾಮ್ ದ್ವೀಪದ ತುದಿಯಲ್ಲೂ ಹಾಗೇ. ಮೇಲಿಂದ ನೋಡಿದರೆ ತಾಳೆಮರ, ಬಸ್ಸಿಂದ ನೋಡಿದರೆ ಸುಮ್ನೆ ರಸ್ತೆ.

ಆಮೇಲೆ ಅಂಗಡಿ. ಗೈಡ್ ಅದನ್ನು ಅಂಗಡಿ ಅನ್ನಲಿಲ್ಲ, 'ಇಲ್ಲಿನ ಸಂಸ್ಕೃತಿ ಪರಿಚಯ' ಅಂದ. ಖರ್ಜೂರ, ಒಂಟೆ ಹಾಲಿನ ಚಾಕಲೇಟು, ಅತ್ತರು. ಒಂದು ಗಂಟೆ ಹತ್ತು ನಿಮಿಷ! ನಾನು ಗಡಿಯಾರ ನೋಡಿದ್ದೇನೆ. ಬಸ್ಸಿನ ಬಾಗಿಲು ಹಾಕಿತ್ತು, ಡ್ರೈವರ್ ಕಾಣೆ, ಹೊರಗೆ ನಿಲ್ಲಲು ನೆರಳಿಲ್ಲ. ಒಳಗೆ ಹೋಗದೆ ಬೇರೆ ದಾರಿ ಇಲ್ಲ. ಪಿಸ್ತಾ ತುಂಬಿದ ಚಾಕಲೇಟಿಗೆ 65 ದಿರ್ಹಮ್ ಕೊಟ್ಟು ಮಗನಿಗೆ ಕೊಡಿಸಿದೆವು. ಸಂಜೆ ಕರಾಮಾ ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ ಅಂಥದ್ದೇ 28ಕ್ಕೆ ಇತ್ತು. ನಮ್ಮನೆಯವರು ಅದನ್ನು ನನಗೆ ತೋರಿಸದೆ ಮುಂದೆ ಹೋಗಿಬಿಡಬಹುದಿತ್ತು, ತೋರಿಸಿದರು.

ಒಂದೂವರೆಗೆ ದುಬೈ ಮಾಲ್ ಮುಂದೆ ಇಳಿಸಿ 'ಟೂರ್ ಮುಗೀತು' ಅಂದರು. ಹೋಟೆಲಿಗೆ ವಾಪಸ್ ಬಿಡಲ್ವಾ ಅಂದರೆ, ಬುಕಿಂಗ್ ಕಾಗದದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇದೆಯಂತೆ. ಇತ್ತು.

ಇಲ್ಲಿಂದ ಮುಂದೆ ನಮ್ಮ ದಿನ ಸುಧಾರಿಸಿತು. ಯಾಕೆಂದರೆ ನಾವು ಮೆಟ್ರೋ ಹತ್ತಿದೆವು.

ಮೆಟ್ರೋಗೆ ನೋಲ್ ಕಾರ್ಡ್ ಬೇಕು. ಸಿಲ್ವರ್ ಕಾರ್ಡಿಗೆ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ ಸಿಗುತ್ತದೆ. ಒಂದೇ ವಲಯದೊಳಗೆ 3, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರಕ್ಕೆ ಏಳೂವರೆ ದಿರ್ಹಮ್. ದಿನವಿಡೀ ಓಡಾಡುವುದಿದ್ದರೆ 20 ದಿರ್ಹಮ್‌ನ ದಿನದ ಪಾಸ್ ಇದೆ. ಗಾಡಿಗೆ ಡ್ರೈವರ್ ಇಲ್ಲ. ಮಗ ಎಲ್ಲಕ್ಕಿಂತ ಮುಂದಿನ ಗಾಜಿಗೆ ಮೂಗು ಒತ್ತಿ ನಿಂತವನು ಇಳಿಯಲು ಒಪ್ಪಲಿಲ್ಲ. ಬುರ್ಜ್ ಖಲೀಫಾ ಆಮೇಲೆ ನೋಡಿದರೂ ಅವನಿಗೆ ಅದು ಎರಡನೇ ಸ್ಥಾನ.

ದಂಡದ ವಿಷಯ ಮಾತ್ರ ಹುಷಾರು. ಹೆಂಗಸರು, ಮಕ್ಕಳಿಗೆ ಬೇರೆ ಡಬ್ಬಿ ಇದೆ, ನೆಲದ ಮೇಲೆ ಗುಲಾಬಿ ಗೆರೆ. ನಮ್ಮನೆಯವರು ಬ್ಯಾಗು ಕೊಡಲು ಅಂತ ಒಂದು ಕಾಲು ಈಚೆ ಇಟ್ಟರು, ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಬೆರಳಿನಿಂದಲೇ ಗೆರೆ ತೋರಿಸಿದಳು. ದಾಟಿದರೆ 100 ದಿರ್ಹಮ್. ಒಳಗೆ ತಿಂದರೆ, ಕುಡಿದರೆ, ಚ್ಯೂಯಿಂಗ್ ಗಮ್ ಅಗಿದರೂ 100. ನೀರೂ ಸೇರಿ! ಅತ್ತೆ ಬಾಟಲಿ ಮುಚ್ಚಳ ತಿರುಗಿಸುತ್ತಿದ್ದರು, ನಾನು ಕೈ ಹಿಡಿದೆ. ಇನ್ನೊಂದು, ಸ್ಟೇಷನ್ ಹೆಸರುಗಳನ್ನು ಕಂಪನಿಗಳಿಗೆ ಮಾರುತ್ತಾರೆ. ಅಲ್ ಕರಾಮಾ ಈಗ ಎಡಿಸಿಬಿ, ಅಲ್ ಫಾಹಿದಿ ಈಗ ಶರಾಫ್ ಡಿಜಿ. ಹಳೆ ನಕ್ಷೆ ಮೊಬೈಲಲ್ಲಿ ಇಟ್ಟುಕೊಂಡು ಹೋದರೆ ತಲೆ ಕೆಡುತ್ತದೆ.

ರೂಮಿನ ಬಗ್ಗೆ ಎರಡೇ ಮಾತು. 'ಮೆಟ್ರೋಗೆ 300 ಮೀಟರ್' ಅಂದಿದ್ದು ಸುಳ್ಳಲ್ಲ, ಆದರೆ ಆ 300 ಮೀಟರಿನ ನಡುವೆ ದೊಡ್ಡ ರಸ್ತೆ ಇತ್ತು. ಇಲ್ಲಿ ಕಂಡ ಕಂಡಲ್ಲಿ ರಸ್ತೆ ದಾಟಿದರೆ 400 ದಿರ್ಹಮ್ ದಂಡ. ಸುತ್ತಿ ಬಂದರೆ ಅತ್ತೆಗೆ ಇಪ್ಪತ್ತು ನಿಮಿಷ. ಬುಕ್ ಮಾಡುವಾಗ ಸ್ಟೇಷನ್ ರಸ್ತೆಯ ಯಾವ ಬದಿಗಿದೆ ನೋಡಿಕೊಳ್ಳಿ. ಖಾಲಿ ಮಾಡುವಾಗ ಟೂರಿಸಂ ದಿರ್ಹಮ್ ಅಂತ ದಿನಕ್ಕೆ 10ರಂತೆ ಕೇಳಿದರು. ಅದು ಸರ್ಕಾರದ್ದೇ, ಜಗಳ ಆಡಬೇಡಿ. ನಾವು ಆಡಿ ಸೋತೆವು.

ಊಟ. ಕರಾಮಾದಲ್ಲಿ ಇಳಿದು ಒಳಗಲ್ಲಿಗೆ ಹೋದೆವು. ಕೆಳಗೆ ಟೈಲರ್ ಅಂಗಡಿ, ಮೊಬೈಲ್ ರಿಪೇರಿ, ನಡುವೆ ಆರು ಟೇಬಲ್ಲಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್ಲು. ಬಾಗಿಲಿನಲ್ಲೇ ತುಳು ಕೇಳಿಸಿತು. ಗಲ್ಲೆಯಲ್ಲಿ ಕೂತವರು ಅತ್ತೆಯ ಸೀರೆ ನೋಡಿ, "ಊರಲ್ಲಿ ಎಲ್ಲಿ ನಿಮ್ಮದು?" ಅಂದರು. ಸಾಗರ ಅಂದರೆ, "ಹೋ, ಘಟ್ಟದ ಮೇಲಿನವರು. ಕೂತ್ಕೊಳ್ಳಿ ಅಮ್ಮ, ಫ್ಯಾನ್ ಕೆಳಗೆ ಬೇಡ, ಆ ಕಡೆ ಕೂತ್ಕೊಳ್ಳಿ" ಅಂದರು. ಬೆಳಿಗ್ಗೆಯಿಂದ ಏಸಿಯಲ್ಲಿ ನಡುಗಿದ್ದ ಅತ್ತೆಗೆ ಇಷ್ಟು ಸಾಕಾಯಿತು.

ನೀರುದೋಸೆ ನಾಲ್ಕಾಗಿ ಮಡಚಿ ಇಟ್ಟಿದ್ದರು. ಎತ್ತಿದರೆ ಬೆರಳು ಆಚೆಯಿಂದ ಕಾಣುವಷ್ಟು ತೆಳು, ಅಂಚು ಒಂಚೂರೂ ಒಣಗಿಲ್ಲ. ಜೊತೆಗೆ ಕಾಯಿಚಟ್ನಿ, ಇನ್ನೊಂದು ಬಟ್ಟಲಲ್ಲಿ ಬೆಲ್ಲ ಕಲಸಿದ ಕಾಯಿತುರಿ. ಊಟದಲ್ಲಿ ಕುಚ್ಚಲಕ್ಕಿ ಅನ್ನ ಬೇಕಾ, ಬಿಳಿ ಅನ್ನ ಬೇಕಾ ಅಂತ ಕೇಳುತ್ತಾರೆ. ಸಾರಿಗೆ ಇಂಗಿನ ಒಗ್ಗರಣೆ, ಹೀರೇಕಾಯಿ ಪಲ್ಯ, ಮಜ್ಜಿಗೆ, ಹಪ್ಪಳ. ಊಟ 14 ದಿರ್ಹಮ್, ಪಲ್ಯ ಎಷ್ಟು ಸಲ ಕೇಳಿದರೂ ಹಾಕಿದರು. ನಮ್ಮ ಎದುರಿನ ಟೇಬಲ್ಲಿನಲ್ಲಿ ಕಂಪನಿ ಯೂನಿಫಾರ್ಮ್ ಹಾಕಿದ ನಾಲ್ವರು ಮಾತೇ ಆಡದೆ ಹತ್ತು ನಿಮಿಷದಲ್ಲಿ ಊಟ ಮುಗಿಸಿ ಎದ್ದರು. ಇದು ಅವರ ಹೋಟೆಲ್ಲು, ನಮ್ಮಂಥವರಿಗಾಗಿ ಇಟ್ಟಿದ್ದಲ್ಲ. ಊಟದ ಹೊತ್ತಲ್ಲಿ ಮೇಜು ಹಿಡಿದು ಹರಟೆ ಹೊಡೆಯಬೇಡಿ. ಹೆಸರು ಬರೆಯಲ್ಲ, ಕರಾಮಾ ಗಲ್ಲಿಗಳಲ್ಲಿ ಇಂಥವು ಬೇರೆಯೂ ಇವೆ. ಬಾಗಿಲಲ್ಲಿ ನಿಂತು ಕಿವಿ ಕೊಡಿ, ಸಿಗುತ್ತದೆ.

ನಾಲ್ಕೂವರೆವರೆಗೆ ಮಲಗಿದೆವು. ಇದನ್ನೂ ಸಲಹೆ ಅಂತಲೇ ಓದಿ.

ಸಂಜೆ ಹಳೆ ದುಬೈ. ಟೂರ್ ಬಸ್ಸು ಇಲ್ಲಿಗೆ ಬರಲೇ ಇಲ್ಲ. ಶರಾಫ್ ಡಿಜಿ ಸ್ಟೇಷನ್ನಿಂದ ನಡೆದರೆ ಅಲ್ ಫಾಹಿದಿ ಬಡಾವಣೆ, ಹಳಬರು ಬಸ್ತಕಿಯಾ ಅನ್ನುತ್ತಾರೆ. ಪರ್ಷಿಯಾದ ಬಸ್ತಕ್ ಊರಿನಿಂದ ಬಂದ ವ್ಯಾಪಾರಿಗಳು ನೆಲೆ ನಿಂತ ಜಾಗ. ಹವಳದ ಕಲ್ಲು, ಜಿಪ್ಸಂ ಗಾರೆಯ ಗೋಡೆಗಳು, ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಓಣಿ, ಮನೆ ಮೇಲೆ ಚೌಕದ ಗಾಳಿಗೋಪುರ. ನಾಲ್ಕೂ ದಿಕ್ಕಿಗೆ ತೆರೆದಿರುತ್ತದೆ, ಯಾವ ಕಡೆಯಿಂದ ಗಾಳಿ ಬಂದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಒಂದು ಗೋಪುರದ ಕೆಳಗೆ ಅತ್ತೆ ಕೂತರು. ಐದು ನಿಮಿಷದ ಮೇಲೆ, "ಇದು ಸಾಕಲ್ವಾ, ಆ ಏಸಿ ಯಾಕೆ?" ಅಂದರು. ಓಣಿ ಸುತ್ತಲು ದುಡ್ಡು ಕೊಡಬೇಕಿಲ್ಲ, ಜನರೂ ಕಡಿಮೆ.

ಅಲ್ಲೇ ಕೂತು ನಮ್ಮನೆಯವರು ಹೇಳಿದರು, ಒಂದು ಕಾಲದಲ್ಲಿ ಈ ಊರಿನಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೇ ಅಂತ ಬೇರೆ ರೂಪಾಯಿ ನೋಟು ತಂದಿತು, 1966ರಲ್ಲಿ ನಾವು ರೂಪಾಯಿ ಬೆಲೆ ಇಳಿಸಿದಾಗ ಇಲ್ಲಿಯವರು ಅದನ್ನೂ ಬಿಟ್ಟರು. ಅತ್ತೆ ಸ್ವಲ್ಪ ಯೋಚನೆ ಮಾಡಿ, "ಅವತ್ತೇ ಬರಬೇಕಿತ್ತು ನಾವು" ಅಂದರು.

ಕ್ರೀಕ್ ಕಡೆ, ಅಂದರೆ ಊರೊಳಗೆ ಚಾಚಿದ ಕಡಲ ಹಿನ್ನೀರಿನ ಕಡೆ, ನಡೆದರೆ ಹಿಂದಿ ಲೇನ್ ಅನ್ನುವ ಸಣ್ಣ ಓಣಿ ಸಿಗುತ್ತದೆ. ಕುಂಕುಮ, ಊದಿನಕಡ್ಡಿ, ಚೆಂಡು ಹೂವಿನ ಮಾಲೆ, ಎಲ್ಲ ಇದೆ. ಜೆಬೆಲ್ ಅಲಿಯ ಹೊಸ ಹಿಂದೂ ದೇವಸ್ಥಾನ ನೋಡಬೇಕೆಂದರೆ ಅದು ಇಲ್ಲಿಂದ ದೂರ, ಅದಕ್ಕೆ ಬೇರೆ ಅರ್ಧ ದಿನ ಇಡಿ.

ದಡದಲ್ಲಿ ಒಬ್ಬ ಬೆನ್ನು ಹತ್ತಿದ. ಸ್ಪೆಷಲ್ ದೋಣಿ, ಒಂದು ಗಂಟೆ, 150 ದಿರ್ಹಮ್. ಬೇಡ ಅಂದರೆ 120. ಅವನನ್ನು ದಾಟಿ ಮುಂದೆ ಹೋಗಿ, ಎಲ್ಲರೂ ಹತ್ತುವ ಅಬ್ರಾ ದೋಣಿಯ ನಿಲ್ದಾಣ ಕೇಳಿ. ಆಚೆ ದಡ ದೇರಾಕ್ಕೆ ತಲೆಗೆ ಒಂದೇ ದಿರ್ಹಮ್. ಮರದ ದೋಣಿ, ನಡುವೆ ಬೆಂಚು, ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಬೆಂಚಿನ ಮಧ್ಯದ ಗುಂಡಿಯಲ್ಲಿ ದೋಣಿಯವನು ನಿಂತಿರುತ್ತಾನೆ, ಕಾಲ ಬುಡದಲ್ಲೇ ಇಂಜಿನ್ನು. ಜನ ಕೈಯಿಂದ ಕೈಗೆ ನಾಣ್ಯ ದಾಟಿಸಿದರು, ನಮ್ಮ ಸಿಟಿ ಬಸ್ಸಿನಲ್ಲಿ ಹಿಂದಿನಿಂದ ಟಿಕೆಟ್ ದುಡ್ಡು ಬಂದ ಹಾಗೆ. ಅವನು ಎಣಿಸಲೇ ಇಲ್ಲ, ಅಂಗೈಯಲ್ಲಿ ತೂಗಿ ಡಬ್ಬಿಗೆ ಹಾಕಿದ. ಕಂಬಿ ಇಲ್ಲ, ನೀರು ಮೊಣಕಾಲಿನಷ್ಟು ಹತ್ತಿರ. ಮಗುವಿನ ಕೈ ಬಿಡಬೇಡಿ. ಹತ್ತುವಾಗ ದೋಣಿ ಅಲ್ಲಾಡುತ್ತದೆ, ಅತ್ತೆಯನ್ನು ಇಬ್ಬರು ಅಪರಿಚಿತ ಹುಡುಗರು ತೋಳು ಹಿಡಿದು ಕೂರಿಸಿದರು. ಐದಾರು ನಿಮಿಷ. ಸೂರ್ಯ ಮುಳುಗುವ ಹೊತ್ತು, ಕಡಲಹಕ್ಕಿಗಳು, ಡೀಸೆಲ್ ವಾಸನೆ. ನಾವು ಇಳಿದು, ಇನ್ನೊಂದು ಸಲ ಹೋಗಿ ಬಂದೆವು.

ದೇರಾದಲ್ಲಿ ಮಸಾಲೆ ಸೂಕ್, ಅಂದರೆ ಮಸಾಲೆ ಪೇಟೆ. ಮೂಟೆ ಮೂಟೆ ಇಟ್ಟಿದ್ದಾರೆ, ಅತ್ತೆ ಒಂದೊಂದನ್ನೂ ಮೂಸಿ ನೋಡಿ, "ಗಸಗಸೆ ಎಲ್ಲೂ ಇಲ್ಲವಲ್ಲ" ಅಂದರು. ಇರಲ್ಲ. ಯುಎಇಯಲ್ಲಿ ಗಸಗಸೆ ನಿಷೇಧ. ನಮ್ಮವರಿಗೆ ಇದು ಗೊತ್ತಾಗದೆ ಇರುವುದೇ ಅಪಾಯ. ಶಾರ್ಜಾದಲ್ಲಿರುವ ತಂಗಿ ಮಗನಿಗೆ ಅಂತ ಅತ್ತೆ ಗಸಗಸೆ ಹುರಿದು ಹಾಕಿದ ಮಸಾಲೆ ಪುಡಿ ಕಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ಅವನೇ ಫೋನ್ ಮಾಡಿ, "ದೊಡ್ಡಮ್ಮ, ಅದನ್ನು ಮಾತ್ರ ತರಬೇಡಿ" ಅಂದ. ಪಾಯಸದ ಗಸಗಸೆ, ಪುಡಿಯ ಗಸಗಸೆ, ಯಾವುದೂ ಬೇಡ. ಬ್ಯಾಗು ಎರಡು ಸಲ ನೋಡಿ.

ಕೇಸರಿ 80 ದಿರ್ಹಮ್ ಅಂದವನು ನಾವು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ 30ಕ್ಕೆ ಬಂದ. ಅಷ್ಟು ಬೇಗ ಇಳಿಯುವ ಕೇಸರಿ ನನಗೆ ಬೇಡ ಅನ್ನಿಸಿತು. ಚಿನ್ನದ ಸೂಕ್‌ನಲ್ಲಿ ಸುಮಾರು 64 ಕೆಜಿಯ ಉಂಗುರ ಗಾಜಿನೊಳಗಿದೆ, ನೋಡಿ ಬನ್ನಿ, ನೂಕುನುಗ್ಗಲಿಗೆ ತಯಾರಿರಿ. ಕೊಳ್ಳುವವರಿಗೆ: ದಿನದ ದರದಲ್ಲಿ ಚೌಕಾಸಿ ಇಲ್ಲ, ಮಜೂರಿಯಲ್ಲಿ ಮಾಡಿ. ವಾಪಸ್ ಬರುವಾಗ ಕಸ್ಟಮ್ಸ್‌ನಲ್ಲಿ ಒಡವೆಗೆ ಸಿಗುವ ಸುಂಕ ವಿನಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದವರಿಗೆ. ನಾಲ್ಕು ದಿನ ತಿರುಗಿ ಬಂದ ನಮಗಲ್ಲ.

ರಾತ್ರಿ ಮತ್ತೆ ದುಬೈ ಮಾಲ್, ಕಾರಂಜಿ ನೋಡಲು. ಸ್ಟೇಷನ್ನಿಂದ ಮಾಲ್‌ಗೆ ಮುಕ್ಕಾಲು ಕಿಲೋಮೀಟರಿಗೂ ಉದ್ದದ ಮುಚ್ಚಿದ ಸೇತುವೆ, ಚಲಿಸುವ ಪಟ್ಟಿಗಳಿದ್ದರೂ ಮಂಡಿ ನೋವಿನವರಿಗೆ ಕಷ್ಟ. ಬುರ್ಜ್ ಖಲೀಫಾ ಹತ್ತಲಿಲ್ಲ, ಕೆಳಗಿಂದ ಕತ್ತೆತ್ತಿ ನೋಡಿದೆವು. ನಮ್ಮ ಜೋಗ 830 ಅಡಿ, ಇದು 828 ಮೀಟರ್. ಅಂಕಿ ಹತ್ತತ್ತಿರ, ಅಳತೆ ಬೇರೆ. ಮೂರು ಜೋಗ ಒಂದರ ಮೇಲೊಂದು ಇಟ್ಟರೂ ತುದಿ ಸಿಗಲ್ಲ ಅಂತ ಮಗ ಲೆಕ್ಕ ಹಾಕಿದ. ಕಾರಂಜಿ ಐದು ನಿಮಿಷ. ಚೆನ್ನಾಗಿತ್ತು, ಮುಂದಿದ್ದವರ ಎತ್ತಿದ ಮೊಬೈಲುಗಳ ನಡುವೆ ಕಂಡಷ್ಟು. ನನಗೆ ಜನಜಂಗುಳಿ ಆಗಲ್ಲ, ಆಗುವವರಿಗೆ ಖುಷಿಯಾಗಬಹುದು. ವಾಪಸ್ ಬರುವಾಗ ಸೇತುವೆ ಬಾಯಲ್ಲಿ ಹಗ್ಗ ಕಟ್ಟಿ ಗುಂಪು ಗುಂಪಾಗಿ ಬಿಡುತ್ತಿದ್ದರು. ನಲವತ್ತು ನಿಮಿಷ ನಿಂತೆವು. ವಯಸ್ಸಾದವರಿದ್ದರೆ ಇಲ್ಲಿ ಮಾತ್ರ ಟ್ಯಾಕ್ಸಿಗೆ ದುಡ್ಡು ಹಾಕಿ.

ಕರಾಮಾ ತಲುಪಿದಾಗ ಹನ್ನೊಂದು. ಆ ಸಣ್ಣ ಹೋಟೆಲಿನ ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದೆವು. "ಮೊಸರನ್ನ ಮಾತ್ರ ಉಂಟು, ಸಾಕಾ?" ಅಂದರು. ಸಾಕಿತ್ತು. ಕೈ ತೊಳೆಯುವಾಗ ಅವರೇ ಹೇಳಿದರು, "ನಾಳೆ ಬನ್ಸ್ ಬೇಕಾದ್ರೆ ಎಂಟರ ಒಳಗೆ ಬನ್ನಿ. ಆಮೇಲೆ ಒಂದೂ ಉಳಿಯುದಿಲ್ಲ."