ಗಲ್ಲಿ, ಕ್ಯಾಂಪ್, ಗೇಟ್

14 ಡಿಸೆಂಬರ್ 2024, ಶನಿವಾರ

ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿದೆ. ಬೆಳಗಾವಿಯಲ್ಲಿ ರೂಮು ಸಿಗುವ ಆಸೆ ಬಿಟ್ಟು, ಧಾರವಾಡದಿಂದ ನಸುಕಿನ ಬಸ್ ಹಿಡಿದೆ. ನೆಪ, ಅಕ್ಕನ ಮಗಳ ಕುಬಸಕ್ಕೊಂದು ಹಸಿರು ಸೀರೆ.

ಮೊದಲು ಕೋಟೆಯೊಳಗಿನ ಕಮಲ ಬಸದಿ. ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಕತ್ತು ನೋಯುವವರೆಗೂ ನೋಡಿದೆ. ಹೊರಗೆ ಮಿಲಿಟರಿಯವರ ಶಿಸ್ತು, ಸುಣ್ಣ ಬಳಿದ ಕಲ್ಲುಗಳು.

ಈ ಊರಿನಲ್ಲಿ ದಾರಿ ಕೇಳಿದರೆ ಚರಿತ್ರೆಯೂ ಪುಕ್ಕಟೆ ಸಿಗುತ್ತದೆ. ಹಳೆಯ ಪೇಟೆಯಲ್ಲಿ ಎಲ್ಲವೂ ಗಲ್ಲಿ. ದಂಡು ಬೀಡುಬಿಟ್ಟ ಕಡೆ ಕ್ಯಾಂಪ್. ಟಿಳಕವಾಡಿಗೆ ಬಂದರೆ ರೈಲು ಬಂದ ಮೇಲಿನ ಲೆಕ್ಕ: ಒಂದನೇ ಗೇಟ್, ಎರಡನೇ ಗೇಟ್. ಅಲ್ಲಿಯೇ ಕಾಂಗ್ರೆಸ್ ಬಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನಕ್ಕೆ, 1924ರಲ್ಲಿ, ನೀರಿಗೆಂದು ತೋಡಿದ್ದು. ಅಧಿವೇಶನದ ಜಾಗಕ್ಕೆ ಇಟ್ಟ ಹೆಸರು ವಿಜಯನಗರ. ಭಾಷೆಯ ಹೆಸರಿನಲ್ಲಿ ಜಗಳಕ್ಕೆ ನಿಲ್ಲುವವರನ್ನು ಒಮ್ಮೆ ಈ ಬಾವಿಕಟ್ಟೆಯ ಮೇಲೆ ಕೂರಿಸಬೇಕು ಎನಿಸಿತು.

ಶಹಾಪುರದ ಸೀರೆ ಅಂಗಡಿಯಲ್ಲಿ ಒಂದು ತಾಸು ಕಳೆದೆ, ಅರ್ಧ ಸೀರೆಗೆ, ಅರ್ಧ ಮಾತಿಗೆ. ಗಾದಿಯ ಮೇಲಿನ ಹಿರಿಯರು ಸೊಸೆಯೊಂದಿಗೆ ಮರಾಠಿ, ಗಂಟು ಹೊತ್ತು ತಂದ ನೇಕಾರನೊಂದಿಗೆ ಕನ್ನಡ, ಚಹಾದ ಹುಡುಗನೊಂದಿಗೆ ದಖ್ಖನಿ ಆಡುತ್ತಿದ್ದರು. ನೋಟು ಎಣಿಸುವಾಗ ಮಾತ್ರ ತುಟಿ ಮರಾಠಿಯಲ್ಲಿ ಅಲುಗುತ್ತಿತ್ತು. ಸ್ವಾತಂತ್ರ್ಯಕ್ಕೆ ಮೊದಲು ಶಹಾಪುರ ಸಾಂಗಲಿ ಸಂಸ್ಥಾನದ್ದು, ಪಕ್ಕದ ಬೆಳಗಾವಿ ಬ್ರಿಟಿಷರದ್ದು. “ನಮ್ಮಜ್ಜ ಖಡೇ ಬಜಾರಿಗೆ ಹೊರಟರೂ ‘ಬೆಳಗಾವಿಗೆ ಹೋಗಿ ಬರುತ್ತೇನೆ’ ಎನ್ನುತ್ತಿದ್ದರು,” ಎಂದರು. ನಡೆದರೆ ಅರ್ಧ ತಾಸೂ ಬೇಡದ ದಾರಿ! ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು. ಅದನ್ನು ಅವರೇ ಉಗುರಿನಿಂದ ಎತ್ತಿ ತೋರಿಸಿ, ಬೇರೆ ಸೀರೆ ಬಿಚ್ಚಿದರು.

ಕುಂದಾ ಕಟ್ಟಿಸಿಕೊಂಡು ಬಸ್ ನಿಲ್ದಾಣಕ್ಕೆ ಬರುವಾಗ ಸಂಜೆ. ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬಳ ಹತ್ತಿರ ನನ್ನ ಹರಕು ಮರಾಠಿಯಲ್ಲಿ ಪೇರಲದ ದರ ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡದಲ್ಲಿಯೇ ಹೇಳಿದಳು: “ನಲವತ್ತಕ್ಕೆ ಅರ್ಧ ಕಿಲೋ. ಸುಮ್ಮನೆ ಯಾಕೆ ತ್ರಾಸು ಪಡುತ್ತೀಯಪ್ಪಾ?”

ಉಪ್ಪು-ಖಾರದ ಪೊಟ್ಟಣ ಕೇಳದೆಯೇ ಕೊಟ್ಟಳು.